ಒಂದೇ ಓಣಿಯ ಅಡುಗೆಮನೆ

"ಸಾರ್, ಡೇಟಾಬೇಸಿಗೆ ಇನ್ನೆರಡು ಸರ್ವರ್ ಸೇರಿಸಲೇ, ಬೇಡವೇ?" ಎಂದು ಭುವನೇಂದ್ರ ತನ್ನ ಗುರು ಪದ್ಮಯ್ಯನವರನ್ನು ಕೇಳಿದ.

ಬೆಳಗಾದರೆ ವಿಶ್ವವಿದ್ಯಾಲಯದ ಫಲಿತಾಂಶ. ಅದನ್ನು ಜಾಲತಾಣದಲ್ಲಿ ತೋರಿಸುವ ಹೊಣೆ ಅವನದು. ಹಿಂದಿನ ಸಲ ಸಿಪಿಯು ಏದುಸಿರು ಬಿಟ್ಟಿತೆಂದು ಸರ್ವರುಗಳನ್ನು ಮೂರುಪಟ್ಟು ಮಾಡಿದ್ದ. ಈಗ ಹುಸಿ ದಟ್ಟಣೆ ಹೊರಿಸಿ ನೋಡಿದರೆ ಸಿಪಿಯುಗಳು ಕಾಲು ಚಾಚಿ ಕೂತಿವೆ, ಉತ್ತರ ಮಾತ್ರ ಮೊದಲಿಗಿಂತ ತಡ. ನಾಳೆಯೂ ಮಕ್ಕಳು ಖಾಲಿ ಪರದೆ ನೋಡಿದರೆ ಮುಖ ಎಲ್ಲಿಡುವುದು?

ಪದ್ಮಯ್ಯನವರಿಗೆ ಪ್ರಶ್ನೆ ಸಿಕ್ಕಿದ್ದೇ ಖುಷಿ. "ಕೂತುಕೋ ಮಾರಾಯ," ಎಂದು ಕತೆ ಶುರುಮಾಡಿದರು.

ಒಬ್ಬ ಸೆಟ್ಟಿ ಯಾತ್ರಿಕರಿಗಾಗಿ ಛತ್ರ ಕಟ್ಟಿಸಿದ. ಅಡುಗೆಮನೆಯಿಂದ ಊಟದ ಪಂಕ್ತಿಗೆ ಇದ್ದದ್ದು ಒಂದೇ ಓಣಿ. ಸೆಟ್ಟಿಯದೊಂದು ಕಟ್ಟಳೆ: ಯಾವ ಹಂಡೆಯಿಂದ ಬಡಿಸಿದರೂ ಸಾರಿನ ರುಚಿ ಒಂದೇ ಇರಬೇಕು. ಒಬ್ಬ ಅಡುಗೆಭಟ್ಟ ಚಿಟಿಕೆ ಉಪ್ಪು ಹಾಕಿದರೂ ಸೌಟು ಹಿಡಿದು ಹೋಗಿ ಉಳಿದ ಭಟ್ಟರಿಗೆಲ್ಲ ರುಚಿ ತೋರಿಸಿ ಬರಬೇಕು.

ಯಾತ್ರಿಕರು ಹೆಚ್ಚಿದರು. ಊಟ ತಡವಾಯಿತು. ಸೆಟ್ಟಿ ಓಣಿಯ ಉದ್ದಕ್ಕೂ ಹೊಸ ಒಲೆ ಹೂಡಿಸಿದ, ಹೊಸ ಭಟ್ಟರನ್ನು ಕರೆಸಿದ. ಊಟ ಇನ್ನೂ ತಡವಾಯಿತು. ಕೆಲವರು ಹಸಿದುಕೊಂಡೇ ಎದ್ದುಹೋದರು.

ಸೆಟ್ಟಿ ಒಳಗೆ ಹೋಗಿ ನೋಡಿದ. ಹಂಡೆಗಳು ತುಂಬಿದ್ದವು. "ನಮ್ಮದೇನೂ ತಡವಿಲ್ಲ ಸೆಟ್ರೇ, ಎಲ್ಲ ಬೆಂದು ಕೂತಿದೆ," ಎಂದರು ಭಟ್ಟರು.

ಸೆಟ್ಟಿಗೆ ತಲೆಬುಡ ತಿಳಿಯಲಿಲ್ಲ. ಮರುದಿನ ತಾನೇ ಎಲೆ ಹಾಕಿಕೊಂಡು ಯಾತ್ರಿಕರ ಸಾಲಿನಲ್ಲಿ ಕೂತ. ಹೊಟ್ಟೆ ಚುರುಗುಟ್ಟತೊಡಗಿದ ಮೇಲೆ ಓಣಿ ಕಣ್ಣಿಗೆ ಬಿತ್ತು. ಬಡಿಸುವವರು ಅನ್ನದ ಬುಟ್ಟಿ ಹೊತ್ತು ಗೋಡೆಗೆ ಒರಗಿ ನಿಂತಿದ್ದರು. ಅವರ ಮುಂದೆ, ಸೌಟು ಹಿಡಿದು ಅತ್ತಿಂದಿತ್ತ ನುಗ್ಗುತ್ತಿದ್ದ ಭಟ್ಟರು.

ಸೆಟ್ಟಿ ಹೊಸ ಒಲೆಗಳಲ್ಲಿ ಅರ್ಧ ಆರಿಸಿದ. ಗೋಡೆ ಒಡೆಸಿ ಓಣಿ ಅಗಲಮಾಡಿದ. ಊಟ ಹೊತ್ತಿಗೆ ಸರಿಯಾಗಿ ಬಂತು.

"ಅಂದರೆ ನನ್ನ ಸರ್ವರುಗಳೂ ಪ್ರತಿ ಬದಲಾವಣೆಯನ್ನು ಒಂದಕ್ಕೊಂದು ತಿಳಿಸುತ್ತ ದಾರಿ ತುಂಬಿಸುತ್ತಿವೆ. ಸರ್ವರ್ ಇಳಿಸಿ ನೆಟ್‌ವರ್ಕ್ ಹಿಗ್ಗಿಸಬೇಕು, ಅಷ್ಟೇ ತಾನೇ ಸಾರ್?" ಭುವನೇಂದ್ರ ಹೊರಡಲು ಎದ್ದೇಬಿಟ್ಟ.

"ಅಷ್ಟೇ ಅಂದುಕೊಂಡು ಸೆಟ್ಟಿಯ ತಮ್ಮನೂ ತನ್ನ ಛತ್ರದ ಓಣಿ ಅಗಲಮಾಡಿದ. ಅಲ್ಲಿ ಇದ್ದದ್ದೇ ಒಂದು ಒಲೆ. ಬಡಿಸುವವರು ಖಾಲಿ ಬುಟ್ಟಿ ಹಿಡಿದು ಆರಾಮವಾಗಿ ಓಡಾಡಿದರು."

ಭುವನೇಂದ್ರ ಮತ್ತೆ ಕೂತ. "ಹಾಗಾದರೆ ನನ್ನಲ್ಲಿ ಕಡಿಮೆ ಬಿದ್ದಿರುವುದು ಯಾವುದು ಸಾರ್?"

"ನೀನು ಒಲೆಯ ಮುಂದೆ ಕೂತೇ ಕೇಳುತ್ತಿದ್ದೀಯ, ಎಲೆಯ ಮುಂದೆ ಒಮ್ಮೆಯಾದರೂ ಕೂತು ನೋಡಿದೆಯಾ?"

ಭುವನೇಂದ್ರ ಜೇಬಿನಿಂದ ಫೋನು ತೆಗೆದು, ವಿದ್ಯಾರ್ಥಿಯ ಹಾಗೆ ಫಲಿತಾಂಶದ ಪುಟ ತೆರೆದು, ಉತ್ತರ ಎಲ್ಲಿ ತಡೆಯುತ್ತದೆಂದು ನೋಡುತ್ತ ಕೂತ.