ಬಚ್ಚ ಮನೆಯೊಳಗೆ ಕಡಲು ತಂದದ್ದು

ಹ್ವಾಯ್, ಇಲ್ಲಿ ಕೇಳಿ. ಹಿತ್ತಲಾಚೆ ಅಷ್ಟು ದೊಡ್ಡ ಕಡಲಿದ್ದರೂ ಮನೆಯೊಳಗೊಂದು ಚಿಕ್ಕ ಕಡಲು ಬೇಕೆಂದು ಹಟ ಹಿಡಿದವನ ಸಂಗತಿ ಇದು. ಹೆಸರು ಬಚ್ಚ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಅವನ ಅಮ್ಮ ಲಚ್ಚು, ಬೆಳಗ್ಗೆ ಮೀನಿನ ಬುಟ್ಟಿ ಹೊತ್ತು ಹೋದರೆ ಬರುವುದು ಸಂಜೆಗೆ.

ಆ ಮನೆಗೆ ಯಾರೂ ಬರುತ್ತಿರಲಿಲ್ಲ. ಮೊದಲು ಲಚ್ಚುವಿನ ಅಕ್ಕ ಗುಲಾಬಿ ಬರುತ್ತಿದ್ದಳು. ಆರು ವರ್ಷದ ಕೆಳಗೆ ಗುಲಾಬಿಯ ಮಗಳ ಮದುವೆಯಲ್ಲಿ, "ಚಪ್ಪಲಿ ಕಾಯಿ ಮಗಾ, ಯಾರಿಗೂ ಮುಟ್ಟೋಕೆ ಬಿಡಬೇಡ" ಎಂದು ಬಚ್ಚನನ್ನು ಬಾಗಿಲಲ್ಲಿ ಕೂರಿಸಿದ್ದರು. ಬಚ್ಚ ಬಿಡಲಿಲ್ಲ. ಯಾರಿಗೂ ಬಿಡಲಿಲ್ಲ. ಗಂಡಿನ ಕಡೆಯವರು ಬರಿಗಾಲಲ್ಲಿ ಬಸ್ಸು ಹತ್ತಿದರು.

"ಈ ಪೆದ್ದ ಇರೋ ಮನೆಗೆ ನಾನು ಕಾಲಿಡೋದಿಲ್ಲ!" ಅಂದಳು ಗುಲಾಬಿ. ಇಡಲಿಲ್ಲ.

ಅಂದಿನಿಂದ ಲಚ್ಚು ಸಂಜೆ ಬಂದು ಬುಟ್ಟಿ ಇಳಿಸುವ ಮೊದಲು ಮೆಟ್ಟಿಲು ನೋಡುತ್ತಿದ್ದಳು, ಒಂದು ಜೊತೆ ಚಪ್ಪಲಿ ಇದೆಯೇ ಅಂತ.

ಒಮ್ಮೆ ಹಲ್ಲುನೋವಿಗೆ ಬಚ್ಚನನ್ನು ಪೇಟೆಯ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಅಲ್ಲೊಂದು ಗಾಜಿನ ಪೆಟ್ಟಿಗೆ. ಅದರಲ್ಲಿ ಬಿಳಿ ಪಟ್ಟೆಯ ಕೇಸರಿ ಮೀನು.

"ಅಮ್ಮಾ, ಅದು ಗಾಜಿನ ಹತ್ರ ಬಂದು ನನ್ನನ್ನೇ ನೋಡ್ತು!"

"ನೋಡಿದ್ರೆ ಎಂತ ಆಯ್ತು?"

"ಬೇರೆ ಯಾರೂ ಹಾಗೆ ಬರೋದಿಲ್ಲ ಅಲ್ವಾ!"

ಲಚ್ಚು ಡಾಕ್ಟರ ಹಳೇ ಪೆಟ್ಟಿಗೆಯೊಂದನ್ನು ಬೇಡಿ ತಂದಳು. ಪೇಟೆಯ ಸಾಕುಮೀನಿನಂಗಡಿಯ ಹಂಝ ಸಾಯ್ಬರು ಉಪ್ಪಿನ ಚೀಲ ಕೊಟ್ಟು, "ಇಲ್ಲಿ ಕಡಲಿಗೆ ಅಳಿವೆ ನೀರು ಸೇರಿ ಕೆಸರು, ಬೇಡ. ಈ ಉಪ್ಪು ಹಾಕು. ಮೊದಲು ಉಪ್ಪು, ಆಮೇಲೆ ಮೀನು, ತಿಳೀತಾ?" ಅಂದರು.

"ತಿಳೀತು ಸಾಯ್ಬ್ರೇ!"

ಸಂಜೆ ಲಚ್ಚು ಬಂದು ನೋಡುತ್ತಾಳೆ, ಪೆಟ್ಟಿಗೆ ತುಂಬ ಒಂದು ಪದರ ಉಪ್ಪು, ಒಂದು ಪದರ ಬಂಗುಡೆ, ಒಂದು ಪದರ ಉಪ್ಪು, ಒಂದು ಪದರ ಬಂಗುಡೆ. ಒಣಮೀನಿಗೆ ಹಾಕುವ ಹಾಗೇ.

"ಅಯ್ಯೋ ಪೆದ್ದೇ! ನೀರೆಲ್ಲೋ?"

"ನೀರು ಅಂತ ಅವ್ರು ಹೇಳ್ಲಿಲ್ಲ ಅಮ್ಮಾ!"

ಮತ್ತೆ ತೊಳೆದು, ನೀರಿಗೆ ಉಪ್ಪು ಕಲಸಿ, ಮರಳು ಹಾಸಿ, ಕಲ್ಲು ಜೋಡಿಸಿ, ನೀರಿನ ಮಟ್ಟಕ್ಕೆ ಗಾಜಿನ ಮೇಲೆ ಗೆರೆ ಎಳೆದು, ದೀಪ ಹಚ್ಚಿ, ಗುಳುಗುಳು ಪಂಪು ಇಟ್ಟಾಯಿತು. "ಇನ್ನು ಒಂದು ತಿಂಗಳು ಮೀನು ಬೇಡ. ನೀರು ಹದಕ್ಕೆ ಬರಬೇಕು. ಸುಮ್ನೆ ನೋಡು, ಮುಟ್ಟಬೇಡ!" ಅಂದಳು ಲಚ್ಚು.

ಮರುದಿನ, "ಒಲೆ ಮೇಲೆ ಗಂಜಿ ಇದೆ, ನೋಡ್ಕೋ" ಎಂದು ಹೋದಳು. ಬಚ್ಚ ನೋಡಿದ. ಕುದಿಯುವುದು ನೋಡಿದ, ಇಂಗುವುದು ನೋಡಿದ, ಹೊಗೆ ಏಳುವುದು ನೋಡಿದ. ಮುಟ್ಟಲಿಲ್ಲ.

"ಅಯ್ಯೋ ಪೆದ್ದೇ! ಕಡಿಮೆಯಾದ್ದು ಕಂಡ್ರೆ ನೀರು ಹೊಯ್ಯೋದಲ್ವಾ! ಗಂಜಿಗೂ ಅಷ್ಟೇ, ನಿನ್ನ ಪೆಟ್ಟಿಗೆಗೂ ಅಷ್ಟೇ. ಗೆರೆಯಿಂದ ಕೆಳಗಿಳಿದ್ರೆ ಸಿಹಿನೀರು ಹೊಯ್ಯಿ, ಗೆರೆ ಮುಟ್ಟೋವರೆಗೆ ಹೊಯ್ಯಿ!"

"ಹೊಯ್ತೇನೆ ಅಮ್ಮಾ!"

ಮಾರನೇ ದಿನ ಬಚ್ಚ ದೋಣಿ ಕಟ್ಟುವ ದಕ್ಕೆಗೆ ಹೋದ. ಇಳಿತದ ಹೊತ್ತು. ದಕ್ಕೆಯ ಕಂಬದಲ್ಲಿ ಪಾಚಿಯ ಗೆರೆ ಎಲ್ಲೋ ಮೇಲೆ, ಕಡಲು ಎಲ್ಲೋ ಕೆಳಗೆ! ಬಚ್ಚ ಓಡಿದ. ಬಾವಿಯಿಂದ ಕೊಡ ತುಂಬಿಸಿ ತಂದು ಹೊಯ್ದ. ಮತ್ತೆ ಓಡಿದ, ಮತ್ತೆ ಹೊಯ್ದ. ಬಲೆ ಹೆಣೆಯುವವರು ಹೊಟ್ಟೆ ಹಿಡಿದು ನಕ್ಕರು. "ಬೇಗ ಹೊಯ್ಯೋ ಬಚ್ಚ, ದೋಣಿ ತಳ ತಾಗ್ತದೆ!" ಒಬ್ಬನೂ ಕೈ ಹಿಡಿದು ನಿಲ್ಲಿಸಲಿಲ್ಲ. ಸಂಜೆಗೆ ಭರತ ಏರಿ ನೀರು ಗೆರೆ ಮುಟ್ಟಿತು. ಬಚ್ಚ ಭುಜ ಬಾತು ಮನೆಗೆ ಬಂದ.

"ಅಮ್ಮಾ, ಕಡಲು ತುಂಬಿಸಿ ಬಂದೆ!"

ಆ ದಿನ ಲಚ್ಚು ಬೈಯುವ ಬದಲು ಅವನ ಭುಜಕ್ಕೆ ಎಣ್ಣೆ ಹಚ್ಚಿದಳು.

ತಿಂಗಳು ತುಂಬಿತು. ಸಾಯ್ಬರು ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಕೇಸರಿ ಮೀನು ಕೊಟ್ಟರು. "ಹೊಸಬರನ್ನು ತಟಕ್ಕನೆ ಒಳಗೆ ಬಿಡಬಾರದು, ಜೀವ ಹೋಗ್ತದೆ. ನಿಮ್ಮ ಮನೆ ಪೆಟ್ಟಿಗೆಯ ನೀರು ಒಂದೊಂದೇ ಚಮಚ ಚೀಲಕ್ಕೆ ಹಾಕು. ನಿಧಾನ. ಅರವತ್ತು ಆದ ಮೇಲೆ ಒಳಗೆ ಬಿಡು."

ಬಚ್ಚ ಹಾಕಿದ. ಒಂದು, ಎರಡು, ಮೂರು... ಅರವತ್ತು. ಮೀನು ಬದುಕಿತು! ಅವನು ಅತ್ತ ಹೋದರೆ ಅತ್ತ ಬಂತು, ಇತ್ತ ಹೋದರೆ ಇತ್ತ ಬಂತು. ಲಚ್ಚು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಬಸ್ಸಿನ ಕಂಡಕ್ಟರನ ಕೈಲಿ ಅಕ್ಕನಿಗೆ ಹೇಳಿ ಕಳಿಸಿದಳು: "ಮಗ ಮೀನು ಸಾಕಿದ್ದಾನೆ. ಅದು ಸತ್ತಿಲ್ಲ. ಒಮ್ಮೆ ಬಂದು ನೋಡು."

ನಾಲ್ಕು ದಿನ ಕಳೆಯಿತು. ಐದನೇ ಸಂಜೆ ಲಚ್ಚು ಬರುತ್ತಾಳೆ, ಮೆಟ್ಟಿಲ ಮೇಲೆ ಒಂದು ಜೊತೆ ಚಪ್ಪಲಿ! ಬುಟ್ಟಿ ಎಲ್ಲಿಟ್ಟಳೋ ಅವಳಿಗೇ ಗೊತ್ತಿಲ್ಲ.

"ಅಕ್ಕಾ!"

ಒಳಗೆ ಯಾರೂ ಇಲ್ಲ. ಪಂಪು ಗುಳುಗುಳು ಅನ್ನುತ್ತಿತ್ತು. ಹೊರಗೆ ಮೆಟ್ಟಿಲು ಒದ್ದೆ, ಅಂಗಳ ಒದ್ದೆ. ಬಚ್ಚ ಚೆಂಬು ಹಿಡಿದು ನಿಂತಿದ್ದ.

"ದೊಡ್ಡಮ್ಮ ಎಲ್ಲೋ?"

"ಬಂದಿದ್ರು ಅಮ್ಮಾ! ಕಾಲಿಗೆ ನೀರು ಕೊಡು ಅಂದ್ರು. ಹೊಸಬ್ರಲ್ವಾ, ಆರು ವರ್ಷ ಆಯ್ತಲ್ವಾ! ತಟಕ್ಕನೆ ಒಳಗೆ ಬಿಟ್ರೆ ಜೀವ ಹೋಗ್ತದೆ. ಒಂದೊಂದೇ ಚೆಂಬು ಹೊಯ್ದೆ, ನಿಧಾನ. ಒಳಗೆ ಬರೋಕೆ ನೋಡಿದ್ರು, ನಾನು ಬಿಡ್ಲಿಲ್ಲ. ನಲವತ್ತಕ್ಕೆ ಎದ್ದು ಹೋದ್ರು. ಇನ್ನು ಇಪ್ಪತ್ತೇ ಇತ್ತು ಅಮ್ಮಾ!"

"ಚಪ್ಪಲಿ?"

"ಕಾದೆ! ಯಾರಿಗೂ ಮುಟ್ಟೋಕೆ ಬಿಡ್ಲಿಲ್ಲ. ದೊಡ್ಡಮ್ಮನಿಗೂ ಬಿಡ್ಲಿಲ್ಲ!"

ಬಚ್ಚ ತನಗೆ ಹೇಳಿದ್ದನ್ನು ಯಾವತ್ತೂ ಮರೆತವನಲ್ಲ.

ಲಚ್ಚು ಬೈಯಲಿಲ್ಲ, ಹೊಸ ಬುದ್ಧಿ ಹೇಳಲಿಲ್ಲ. ಒದ್ದೆ ಮೆಟ್ಟಿಲ ಮೇಲೆ, ಚಪ್ಪಲಿಯ ಪಕ್ಕ ಕೂತಳು. ಆಮೇಲೆ ಒಳಗೆ ಹೋಗಲೆಂದು ಎದ್ದಳು.

"ತಡಿ ಅಮ್ಮಾ!" ಬಚ್ಚ ಬಾಗಿಲಿಗೆ ಅಡ್ಡ ನಿಂತ. "ನೀನೂ ಬೆಳಗ್ಗಿಂದ ಹೊರಗೇ ಇದ್ದೆ ಅಲ್ವಾ!"

ಅವಳು ಮತ್ತೆ ಕೂತಳು. ಕಾಲು ಚಾಚಿದಳು. ಬಚ್ಚ ಚೆಂಬು ತುಂಬಿಸಿ ತಂದು, ಮೆಲ್ಲಗೆ, ಬಹಳ ಮೆಲ್ಲಗೆ, ಅವಳ ಪಾದದ ಮೇಲೆ ಹೊಯ್ದ.

"ಒಂದು," ಅಂದ.