ಜಜ್ಜುವ ತನಕ ಬೆಳ್ಳುಳ್ಳಿ ಸುಮ್ಮನಿರುವುದೇಕೆ?

ಭೂಮಿ ಆಗಷ್ಟೇ ಹುಟ್ಟಿತ್ತು ಸಿರಿ. ಮಣ್ಣು ಇನ್ನೂ ಬೆಚ್ಚಗಿತ್ತು. ಯಾರಿಗೂ ಯಾವುದೂ ಸರಿಯಾಗಿ ಗೊತ್ತಿರಲಿಲ್ಲ. ಹೊಳೆ ಬೆಳಿಗ್ಗೆ ಈ ಕಡೆ ಹರಿದರೆ ಸಂಜೆ ಆ ಕಡೆ ಹರಿಯುತ್ತಿತ್ತು. ಗಿಡಗಳಿಗೆ ತಮ್ಮೊಳಗೆ ಏನಿದೆ ಎಂದು ಗೊತ್ತಿತ್ತು, ಅದು ಏಕಿದೆ ಎಂದು ಗೊತ್ತಿರಲಿಲ್ಲ. ಬೆಳ್ಳುಳ್ಳಿಗಂತೂ ಅದೂ ಗೊತ್ತಿಲ್ಲ, ಇದೂ ಗೊತ್ತಿಲ್ಲ. ಆಗ ಅದಕ್ಕೆ ಸಿಪ್ಪೆಯೂ ಇರಲಿಲ್ಲ, ವಾಸನೆಯೂ ಇರಲಿಲ್ಲ.

"ವಾಸನೆ ಇರಲಿಲ್ವಾ? ಸುಳ್ಳು ಹೇಳ್ತೀಯ ಅಜ್ಜ!"

ಬೆಳ್ಳುಳ್ಳಿಗೂ ನನಗೂ ಎಣ್ಣೆ ಸೀಗೇಕಾಯಿ, ನಿನ್ನ ಅಜ್ಜಿಗೆ ಗೊತ್ತು. ಅದರ ಪರವಾಗಿ ನಾನೇಕೆ ಸುಳ್ಳು ಹೇಳಲಿ? ನಿನ್ನೆ ವಿಮಲತ್ತೆಯ ಕಾಲೇಜಿನ ಲ್ಯಾಬಿನಲ್ಲಿ ಗಾಜಿನ ತಟ್ಟೆಯ ನಡುವಿನ ಖಾಲಿ ಜಾಗ ನೋಡಿ ಇದೇಕೆ ಹೀಗೆ ಎಂದು ಕೇಳಿದವಳು ನೀನೇ ತಾನೇ? ಹಾಗಿದ್ದರೆ ಕೇಳು.

ಒಬ್ಬಳು ತಾಯಿ ಮುಂಗುಸಿ ಇದ್ದಳು. ಅವಳಿಗೆ ಒಂದೇ ಮರಿ. ಒಂದು ದಿನ ಮರಿಯ ಕಾಲಿಗೆ ಜಾಲಿಮುಳ್ಳು ಚುಚ್ಚಿತು. ತಾಯಿ ಮುಳ್ಳನ್ನು ಕಿತ್ತಳು. ಆದರೆ ಮುಳ್ಳಿನ ಜೊತೆ ಒಬ್ಬ ಒಳಗೆ ಹೋಗಿಬಿಟ್ಟಿದ್ದ. ಕಣ್ಣಿಗೆ ಕಾಣದಷ್ಟು ಪುಟ್ಟವನು. ಅವನಿಗೆ ಬರುತ್ತಿದ್ದದ್ದು ಒಂದೇ ಕೆಲಸ, ಸೀಳಿಕೊಂಡು ಇಬ್ಬರಾಗುವುದು. ಒಬ್ಬ ಇಬ್ಬರಾದ. ಇಬ್ಬರು ನಾಲ್ವರಾದರು.

"ನೀನು ನಾನಾ?"

"ನಾನೇ ನೀನಲ್ವಾ?"

"ಹಾಗಾದ್ರೆ ಇವನ್ಯಾರು?"

ಯಾರು ಯಾರೆಂದು ತಿಳಿಯುವ ಮೊದಲೇ ಎಂಟು ಜನರಾದರು. ಎಂಟು ಹದಿನಾರಾಯಿತು. ಮರಿಯ ಕಾಲು ಊದಿಕೊಂಡಿತು, ಕೀವು ತುಂಬಿತು, ಮೈ ಹೆಂಚಿನ ಹಾಗೆ ಕಾಯಿತು.

ತಾಯಿ ಮರಿಯನ್ನು ಕಚ್ಚಿಕೊಂಡು ಹೊಳೆಗೆ ಓಡಿದಳು.

"ತೊಳಿ," ಎಂದಿತು ಹೊಳೆ.

ತೊಳೆದಳು. ಊತ ಇಳಿಯಲಿಲ್ಲ. "ಇನ್ನೇನು ಮಾಡ್ಲಿ?"

"ನಂಗೆ ನನ್ನ ದಾರಿಯೇ ಗೊತ್ತಿಲ್ಲ ತಾಯಿ. ಬೇವನ್ನ ಕೇಳು."

ಬೇವಿನ ಬಳಿಗೆ ಓಡಿದಳು. "ನನ್ನ ಮಗು ಸಾಯ್ತಾ ಇದೆ. ನಿನ್ನ ಹತ್ರ ಏನಿದೆ?"

"ಕಹಿ ಇದೆ. ಯಾಕಿದೆಯೋ ಗೊತ್ತಿಲ್ಲ. ಅರಿಶಿನವನ್ನ ಕೇಳು."

"ಹಳದಿ ಇದೆ," ಎಂದಿತು ಅರಿಶಿನ. "ಯಾಕಿದೆಯೋ ಗೊತ್ತಿಲ್ಲ. ತುಳಸಿಯನ್ನ ಕೇಳು."

"ಘಮ ಇದೆ," ಎಂದಿತು ತುಳಸಿ. "ಯಾಕಿದೆಯೋ ಗೊತ್ತಿಲ್ಲ. ಬೇವನ್ನ ಕೇಳಿದ್ಯಾ?"

ನಡುವೆ ಗಾಳಿ ಬಂತು. "ಬಾ, ನಾನು ದಾರಿ ತೋರಿಸ್ತೀನಿ," ಎಂದು ನಾಲ್ಕೂ ದಿಕ್ಕಿಗೆ ಒಟ್ಟಿಗೇ ಬೀಸಿತು. ತಾಯಿ ಮುಂಗುಸಿ ಇದ್ದ ಜಾಗದಲ್ಲೇ ಸುತ್ತಿ ಸುತ್ತಿ ತಲೆ ತಿರುಗಿ ಕುಳಿತಳು. ಪಕ್ಕದ ಮಣ್ಣಿನಿಂದ ಬೆಳ್ಳಗಿನ ಗಡ್ಡೆಯೊಂದು ಇಣುಕುತ್ತಿತ್ತು.

"ನಿನ್ನ ಹತ್ರ ಏನಿದೆ?"

"ನನ್ನ ಹತ್ರ ಏನೂ ಇಲ್ಲಮ್ಮಾ," ಎಂದಿತು ಬೆಳ್ಳುಳ್ಳಿ. "ಕಹಿ ಇಲ್ಲ, ಬಣ್ಣ ಇಲ್ಲ, ಘಮ ಇಲ್ಲ. ನಾನು ಯಾಕಿದ್ದೀನೋ ಅದೂ ಗೊತ್ತಿಲ್ಲ. ಅಳಬೇಡ."

ಅಷ್ಟರಲ್ಲಿ ಮರಿ ನರಳುವುದನ್ನು ನಿಲ್ಲಿಸಿತು. ತಾಯಿಯ ದುಃಖ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸಿಟ್ಟಾಯಿತು.

"ಏನೂ ಇಲ್ಲದವನು ಇರೋದಾದ್ರೂ ಯಾಕೆ!" ಎಂದು ಎರಡೂ ಮುಂಗಾಲೆತ್ತಿ ಬೆಳ್ಳುಳ್ಳಿಯನ್ನು ಧೊಪ್ಪೆಂದು ತುಳಿದುಬಿಟ್ಟಳು.

ಅಬ್ಬಾ, ಎಂಥ ವಾಸನೆ! ಬೇವು ಸೀನಿತು. ಗಾಳಿ ಕೆಮ್ಮಿತು. ಹೊಳೆ ಮೂಗು ಮುಚ್ಚಿಕೊಂಡು ಸಮುದ್ರದ ಕಡೆ ಓಡಿದ್ದು ಇವತ್ತಿಗೂ ತಿರುಗಿ ಬಂದಿಲ್ಲ.

"ಇದು ನನ್ನದಾ?" ಎಂದು ಬೆಳ್ಳುಳ್ಳಿ ಗಾಬರಿಯಾಗಿ ಕೇಳಿತು.

ತಾಯಿಗೆ ಅದೇನೂ ಕೇಳಿಸಲಿಲ್ಲ. ರಸ ಮೆತ್ತಿದ ಅದೇ ಕಾಲಿನಿಂದ ಮರಿಯ ಗಾಯ ಸವರಿದಳು.

"ಉರಿ! ಅಮ್ಮಾ, ಉರಿ!" ಎಂದು ಮರಿ ಕಿರುಚಿತು.

ಮಗು ಕಿರುಚಿದ್ದಕ್ಕೆ ಅಷ್ಟು ಸಂತೋಷಪಟ್ಟ ಇನ್ನೊಬ್ಬ ತಾಯಿಯನ್ನು ನಾನು ಕಾಣೆ.

"ನಾನೂ ಗಾಯಕ್ಕೆ ಹಚ್ಕೊಳ್ಲಾ ಅಜ್ಜ?"

ಬೇಡ ಮಾರಾಯ್ತಿ, ಚರ್ಮ ಸುಟ್ಟೀತು. ನಿನಗೆ ಡಾಕ್ಟರಿದ್ದಾರೆ, ಮುಂಗುಸಿಗೆ ಯಾರಿದ್ದರು?

ಅತ್ತ ಗಾಯದೊಳಗೆ ರಸ ಇಳಿಯಿತು. ಪುಟ್ಟವರೆಲ್ಲ ನಿಂತಲ್ಲೇ ನಿಂತರು. "ಈಗ ನಾನು ಇಬ್ಬರಾಗ್ಬೇಕಿತ್ತಲ್ಲ? ಅದನ್ನ ಹೇಗೆ ಮಾಡೋದು?" ಒಬ್ಬನಿಗೂ ನೆನಪಾಗಲಿಲ್ಲ. ರಸದ ಹತ್ತಿರ ಇದ್ದವರು ಅಲ್ಲೇ ಕರಗಿದರು. ರಸದ ಸುತ್ತ ದುಂಡಗೆ ಒಂದು ಅಂಗಳ ಬರಿದಾಯಿತು. ಮೂರನೆಯ ದಿನ ಮರಿ ಕುಂಟುತ್ತಾ ಮಿಡತೆಯ ಹಿಂದೆ ಓಡಿತು.

ಆಗ ತಾಯಿಗೆ ಬೆಳ್ಳುಳ್ಳಿಯ ನೆನಪಾಯಿತು. ಹೋಗಿ ನೋಡಿದರೆ ಅದು ಹತ್ತು ಚೂರಾಗಿ ಬಿದ್ದಿತ್ತು.

"ನಿನ್ನನ್ನ ತುಳಿದೆನಲ್ಲಪ್ಪಾ," ಎಂದು ಅತ್ತಳು.

"ಅಳಬೇಡಮ್ಮಾ. ನನ್ನ ಹತ್ರ ಏನೋ ಇತ್ತಲ್ಲ, ಅಷ್ಟು ಸಾಕು," ಎಂದವು ಚೂರುಗಳು. "ಆದ್ರೆ ಈ ವಾಸನೆಗೆ ಒಂದು ಜೇನೂ ಹತ್ರ ಬರ್ತಿಲ್ಲ. ಒಂಟಿಯಾಗಿಬಿಟ್ಟಿದ್ದೀವಿ."

ಮುಂಗುಸಿಯ ಬಿಲದಲ್ಲಿ ಏನಿರುತ್ತದೆ ಹೇಳು? ಹಾವಿನ ಪೊರೆ! ಅದನ್ನು ತಂದು ಒಂದೊಂದು ಚೂರಿಗೂ ಸುತ್ತಿದಳು, ಎಲ್ಲ ಸೇರಿಸಿ ಮೇಲೊಂದು ಸುತ್ತಿದಳು. ವಾಸನೆ ಅಡಗಿತು. "ಒಳಗೆ ಸುಮ್ಮನಿರಿ ಮಕ್ಕಳೇ," ಎಂದಳು. "ಬೇಕಾದವರು ಜಜ್ಜಿ ಕರೀತಾರೆ."

ಅದಕ್ಕೇ ಸಿರಿ, ಬೆಳ್ಳುಳ್ಳಿ ಇವತ್ತಿಗೂ ಹಾವಿನ ಪೊರೆಯಂಥ ಸಿಪ್ಪೆ ಹೊದ್ದು ಅಡುಗೆಮನೆಯಲ್ಲಿ ಸುಮ್ಮನೆ ಕೂತಿರುತ್ತದೆ, ಜಜ್ಜಿದರೆ ಮಾತ್ರ ಬೀದಿಯ ತನಕ ಕೂಗುತ್ತದೆ. ಅದಕ್ಕೇ ವಿಮಲತ್ತೆಯ ಗಾಜಿನ ತಟ್ಟೆಯ ತುಂಬ ಬೆಳ್ಳಗೆ ಬೆಳೆದ ಆ ಪುಟ್ಟವರು, ಅತ್ತೆ ಬ್ಯಾಕ್ಟೀರಿಯಾ ಅಂದಳಲ್ಲ ಅವರು, ಬೆಳ್ಳುಳ್ಳಿ ರಸದ ಒಂದು ಹನಿಯ ಸುತ್ತ ಮಾತ್ರ ದುಂಡಗೆ ಜಾಗ ಬಿಟ್ಟು ದೂರ ನಿಂತಿದ್ದರು.