ತಲೆಯಾಡಿಸಿದವರು

“ಗುರುಗಳೇ, ಎಲ್ಲವನ್ನೂ ತಿಳಿಸಿ ಹೇಳಿದ ಮೇಲೂ ಜನ ಕೆಟ್ಟರೆ ತಪ್ಪು ಯಾರದು?”

ಕೇಳಿದವನು ಶಿಷ್ಯ ಇಂದುಧರ. ಮಠದಲ್ಲಿ ಅವನ ಓದು ಮುಗಿದಿತ್ತು. ಪಟ್ಟಣವೊಂದರ ಪೇಟೆಗೆ ಕಟ್ಟಳೆ ಮಾಡುವ ಕೆಲಸ ಅವನಿಗೆ ಸಿಕ್ಕಿತ್ತು. ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಪೇಟೆಗೆ ಒಬ್ಬ ಅಧಿಕಾರಿಯಿದ್ದ. ನ್ಯಾಯವಂತ, ಮೃದು ಮನಸ್ಸಿನವನು. ಅಲ್ಲಿ ಬಡವರು ಒಡವೆಯನ್ನೋ ಪಾತ್ರೆಯನ್ನೋ ಒತ್ತೆಯಿಟ್ಟು ಸಾಲ ತರುತ್ತಿದ್ದರು. ಗಡುವು ಮೀರಿದರೆ ಒತ್ತೆಯಿಟ್ಟದ್ದು ಸಾಹುಕಾರನ ಪಾಲು ಎಂಬ ಕರಾರು ಹಲವರಿಗೆ ಗೊತ್ತಿರುತ್ತಿರಲಿಲ್ಲ. ಕಳೆದುಕೊಂಡು ಅಳುತ್ತಿದ್ದರು. ಅದನ್ನು ನೋಡಲಾರದೆ ಅಧಿಕಾರಿ ಒಂದು ಕಟ್ಟಳೆ ಮಾಡಿದ. ಹಣ ಕೊಡುವ ಮೊದಲು ಸಾಹುಕಾರ ಎಲ್ಲ ಕರಾರನ್ನೂ ಗಟ್ಟಿಯಾಗಿ ಓದಬೇಕು. ಅರ್ಥವಾಯಿತೇ ಎಂದು ಕೇಳಬೇಕು. ಸಾಹುಕಾರರು ಹಾಗೆಯೇ ಮಾಡಿದರು. ಅಧಿಕಾರಿಗೆ ನೆಮ್ಮದಿಯಾಯಿತು.

ಆದರೆ ಅಳು ನಿಲ್ಲಲಿಲ್ಲ.

ಒಂದು ದಿನ ಒಬ್ಬ ಹೂವಾಡಗಿತ್ತಿ ಅವನ ಬಾಗಿಲಿಗೆ ಬಂದಳು. ಮೊಮ್ಮಗುವಿನ ಜ್ವರಕ್ಕೆಂದು, ತೀರಿಹೋದ ಮಗಳ ಸೊಂಟದ ಬೆಳ್ಳಿಯ ಡಾಬನ್ನು ಒತ್ತೆಯಿಟ್ಟಿದ್ದಳು. ಮಗು ಉಳಿಯಿತು. ಹಣ ಕೂಡಿಸಿಕೊಂಡು ಹೋಗುವಷ್ಟರಲ್ಲಿ ಗಡುವು ದಾಟಿತ್ತು. ತಡವಾದರೆ ಬಡ್ಡಿ ಸ್ವಲ್ಪ ಹೆಚ್ಚಾಗುತ್ತದೆ ಎಂದಷ್ಟೇ ಅವಳು ತಿಳಿದಿದ್ದಳು. ಹಣ ಇನ್ನೂ ಅವಳ ಸೆರಗಿನ ಗಂಟಿನಲ್ಲಿತ್ತು.

“ಕರಾರು ಓದಲಿಲ್ಲವೇ ತಾಯಿ?”

“ಓದಿದರು ಸ್ವಾಮಿ. ಅರ್ಥವಾಯಿತೇ ಅಂತಲೂ ಕೇಳಿದರು. ಆಯಿತು ಅಂದೆ.”

“ಆಗಿತ್ತೇ?”

“ಇಲ್ಲ.”

“ಮತ್ತೆ ಹಾಗೇಕೆ ಅಂದೆ?”

ಅವಳು ತಲೆ ತಗ್ಗಿಸಿದಳು. ಅಧಿಕಾರಿಗೆ ಸಿಟ್ಟು ಬಂತು. ಇನ್ನೇನು ಮಾಡಲಿ, ಇವರ ಪರವಾಗಿ ನಾನೇ ಕೇಳಿಸಿಕೊಳ್ಳಲೇ ಅಂದುಕೊಂಡು ಅವಳನ್ನು ಕಳಿಸಿಬಿಟ್ಟ.

ಕೆಲವು ದಿನಗಳಲ್ಲಿ ಅವನ ತಾಯಿ ಹಾಸಿಗೆ ಹಿಡಿದಳು. ವೈದ್ಯ ಬಂದು ಔಷಧಿಗಳನ್ನು ಮುಂದಿಟ್ಟು, ಯಾವುದನ್ನು ಹೇಗೆ ಕೊಡಬೇಕೆಂದು ಬಿಡಿಸಿ ಹೇಳಿದ. ಅರ್ಥವಾಯಿತೇ ಎಂದ. ಅಧಿಕಾರಿ ತಲೆಯಾಡಿಸಿದ. ವೈದ್ಯ ಹೋದ ಮೇಲೆ ಹೆಂಡತಿ ಬಂದು, “ಇದು ಊಟಕ್ಕೆ ಮೊದಲೋ ಆಮೇಲೋ?” ಎಂದು ಕೇಳಿದಳು. ಅವನಿಗೆ ಏನೂ ನೆನಪಿರಲಿಲ್ಲ. ವೈದ್ಯ ಮಾತಾಡುತ್ತಿದ್ದಷ್ಟು ಹೊತ್ತೂ ಅವನು ತಾಯಿಯ ಉಸಿರನ್ನು ನೋಡುತ್ತಿದ್ದ.

ಔಷಧಿ ಹಿಡಿದುಕೊಂಡು ವೈದ್ಯನ ಮನೆಗೆ ಓಡುವಾಗ ಅವನಿಗೆ ಹೂವಾಡಗಿತ್ತಿಯ ತಗ್ಗಿದ ತಲೆ ಕಣ್ಣಿಗೆ ಕಟ್ಟಿತು.

ತಾಯಿ ಚೇತರಿಸಿಕೊಂಡಳು. ಅಧಿಕಾರಿ ರುಮಾಲು ತೆಗೆದಿಟ್ಟು, ಸಾಧಾರಣ ಬಟ್ಟೆಯುಟ್ಟು, ಸಾಹುಕಾರರ ಜಗಲಿಗಳ ಮೇಲೆ ಕುಳಿತು ನೋಡತೊಡಗಿದ. ಓದುವವರು ಮೋಸದಿಂದೇನೂ ಓದುತ್ತಿರಲಿಲ್ಲ. ಕೇಳುವವರು ದಡ್ಡರೂ ಅಲ್ಲ. ಒಬ್ಬನ ಮಗ ಮನೆಯಲ್ಲಿ ನರಳುತ್ತಿದ್ದ. ಅವನ ಕಣ್ಣೆಲ್ಲ ಹಣದ ಚೀಲದ ಮೇಲೆ. ಒಬ್ಬಳಿಗೆ ಬೆನ್ನ ಹಿಂದೆ ನೆರೆಯವರು ನಿಂತಿದ್ದಾರೆಂಬ ಸಂಕೋಚ. ಇನ್ನೊಬ್ಬನಿಗೆ, ತಿರುಗಿ ಕೇಳಿದರೆ ಎಲ್ಲಿ ಸಾಲ ಇಲ್ಲವೆಂದುಬಿಡುತ್ತಾರೋ ಎಂಬ ಅಂಜಿಕೆ. ಎಲ್ಲರೂ ತಲೆಯಾಡಿಸಿದರು.

ಅವನು ಒಂದು ಬೀದಿಯಲ್ಲಿ ಮಾತ್ರ ಹೊಸ ಕ್ರಮ ತಂದ. ಸಾಲ ಪಡೆಯುವವರು ಕೇಳಿದ ಕರಾರನ್ನು ಬಾಯಿಬಿಟ್ಟು ತಿರುಗಿ ಒಪ್ಪಿಸಬೇಕು. ಅದು ಕೆಟ್ಟಿತು. ಪರೀಕ್ಷೆಗೆ ನಿಲ್ಲಿಸಿದಂತಾಗಿ ಜನ ನಾಚಿದರು. ಆ ಬೀದಿ ಬಿಟ್ಟು, ಊರಾಚೆ ದುಬಾರಿ ಬಡ್ಡಿಯವನ ಹತ್ತಿರ ಹೋದರು. ಅಧಿಕಾರಿ ಅದನ್ನೂ ನೋಡಿದ. ಆದರೆ ಅದೇ ಬೀದಿಯ ಒಬ್ಬ ಸಾಹುಕಾರನ ಅಂಗಡಿಗೆ ಮಾತ್ರ ಜನ ಬರುತ್ತಲೇ ಇದ್ದರು. ಅಲ್ಲಿ ಹೋಗಿ ಕುಳಿತ. ಒಪ್ಪಿಸು ಎನ್ನಲು ಆ ಸಾಹುಕಾರನಿಗೂ ಮುಜುಗರ. ಅವನು ಬಂದವರನ್ನು ಒಳಗೆ ಕರೆದು, ನೀರು ಕೊಟ್ಟು, “ನಾನು ಸರಿಯಾಗಿ ಹೇಳಿದೆನೋ ಇಲ್ಲವೋ. ಮನೆಯಲ್ಲಿ ಕೇಳಿದರೆ ಇದನ್ನು ಹೇಗೆ ಹೇಳುತ್ತೀರಿ?” ಎನ್ನುತ್ತಿದ್ದ. ಆಗ ಅವರು ನಿಧಾನವಾಗಿ ಹೇಳುತ್ತಿದ್ದರು. ಹೇಳುತ್ತ ಹೇಳುತ್ತ ಕೆಲವರು ನಡುವೆಯೇ ನಿಲ್ಲುತ್ತಿದ್ದರು. ಒಬ್ಬಳು ತಾಳಿಯ ಬದಲು ತಾಮ್ರದ ಹಂಡೆ ತರುತ್ತೇನೆಂದು ಎದ್ದಳು. ಒಬ್ಬ ಗಡುವನ್ನು ಸುಗ್ಗಿಯ ತನಕ ಕೇಳಿ ಪಡೆದ. ಮತ್ತೊಬ್ಬ ಸಾಲವೇ ಬೇಡವೆಂದು ತಮ್ಮನ ಮನೆಗೆ ನಡೆದ.

ಅಧಿಕಾರಿ ಆ ಮಾತನ್ನೇ ಬೀದಿಗೆಲ್ಲ ಕ್ರಮವಾಗಿಸಿದ. ಮುಂದಿನ ಸುಗ್ಗಿಯವರೆಗೆ ಕಾದು, ಹಳೆಯ ಕ್ರಮವಿದ್ದ ಬೀದಿಗಳೊಂದಿಗೆ ಹೋಲಿಸಿ ನೋಡಿದ. ಇಲ್ಲಿ ಒತ್ತೆ ಕಳೆದುಕೊಂಡವರು ತೀರ ಕಡಿಮೆ. ಆಮೇಲಷ್ಟೇ ಅದನ್ನು ಇಡೀ ಪೇಟೆಯ ಕಟ್ಟಳೆ ಮಾಡಿದ. ಆ ದಿನ ಅವನು ಹೂವಾಡಗಿತ್ತಿಯ ಮನೆ ಹುಡುಕಿಕೊಂಡು ಹೋದ. ಅವಳು ಹೂ ಕಟ್ಟುತ್ತಿದ್ದಳು. ಮೊಮ್ಮಗು ಪಕ್ಕದಲ್ಲಿ ಆಡುತ್ತಿತ್ತು. ಅವನು ಬಾಗಿಲಲ್ಲೇ ಕುಳಿತು ನಡೆದದ್ದನ್ನೆಲ್ಲ ಹೇಳಿದ. ಅವಳು ಕೇಳಿಸಿಕೊಂಡು, “ಒಳ್ಳೆಯದಾಯಿತು ಸ್ವಾಮಿ” ಎಂದು ಒಂದು ಮೊಳ ಹೂ ಅವನ ಕೈಗಿಟ್ಟಳು.

ಗುರುಗಳು ಕತೆ ಮುಗಿಸಿದರು.

ಇಂದುಧರನ ಮುಖ ಅರಳಿತ್ತು. “ಹಾಗಾದರೆ ಗುರುಗಳೇ, ಅವಳ ಮಗಳ ಡಾಬು ಅವಳಿಗೆ ಸಿಕ್ಕಿತೇ?”

“ಇಲ್ಲ ಮಗೂ, ಅದನ್ನು ಸಾಹುಕಾರ ಆಗಲೇ ಕರಗಿಸಿಬಿಟ್ಟಿದ್ದ; ಅಧಿಕಾರಿ ಕಲಿತ ಪಾಠಕ್ಕೆ ಬೆಲೆ ತೆತ್ತವಳು ಅವಳು.”